ಈ ವಾರದ ಸೂಚನೆಗಳು

ಶುಕ್ರವಾರ. ದೀಪ ಹಚ್ಚುವ ಹೊತ್ತು
ಮಧ್ಯಾಹ್ನ ಎರಡು ಗಂಟೆ ಹದಿಮೂರು ನಿಮಿಷ.
ಬೆರಳಚ್ಚಿನ ತಪ್ಪಲ್ಲ ಇದು.
ಟ್ರೋನ್‌ಹೈಮಿನ ಡಿಸೆಂಬರಿನಲ್ಲಿ ಸೂರ್ಯ
ಮನಸ್ತಾಪದ ನೆಂಟನ ಹಾಗೆ
ಬಾಗಿಲಲ್ಲೇ ನಿಂತು, ಚಹಾ ಬೇಡವೆಂದು, ಹೊರಟುಬಿಡುತ್ತಾನೆ.
ಶಾಲೆ ಬಿಡುವುದು ಎರಡಕ್ಕೆ; ಮಕ್ಕಳಿರುವವರು
ಮನೆಗೆ ಓಡಿ, ಕೈಗವುಸಿನಲ್ಲೇ ಕಡ್ಡಿ ಗೀರಬೇಕು.
(ಜೂನಿನಲ್ಲಿ ಇದೇ ಹಲಗೆಯ ಮೇಲೆ
ರಾತ್ರಿ ಹನ್ನೊಂದು ಇಪ್ಪತ್ತು ಎಂದು ಬರೆದಿದ್ದೆ.
ಹಸಿದ ಮಕ್ಕಳು ಸೂರ್ಯನಿಗೆ ಹಿಡಿಶಾಪ ಹಾಕಿದವು.)

ಶನಿವಾರದ ಪ್ರಾರ್ಥನೆ, ಬೆಳಿಗ್ಗೆ ಹತ್ತು.
ಹತ್ತು ಗಂಟೆ ಎಂದರ್ಥ.
ಹತ್ತು ಜನ ಆಗುತ್ತಾರೋ ಇಲ್ಲವೋ
ಅದನ್ನು ನಾನು ಬರೆಯುವುದಿಲ್ಲ.
ರಬ್ಬಿ ಗುರುವಾರವೇ ಓಸ್ಲೋ ಬಿಡುತ್ತಾರೆ.
ರೈಲು ಹಿಮದಲ್ಲಿ ಸಿಕ್ಕಿಕೊಂಡರೆ ಯೆಫಿಮ್ ಓದುತ್ತಾನೆ,
ಮುರ್ಮಾನ್ಸ್ಕ್ ಬಂದರಿನ ಕಂಠದಲ್ಲಿ,
ಹಡಗಿಗೆ ಹಗ್ಗ ಎಸೆಯುವವನ ಹಾಗೆ.

ಹೊಸಬರು ಗುರುವಾರದೊಳಗೆ ಫೋನ್ ಮಾಡಿ.
ಗೇಟಿನ ಪೊಲೀಸ್ ಹುಡುಗ ಹೆಸರು ಕೇಳುತ್ತಾನೆ,
ಬೇಜಾರು ಮಾಡಿಕೊಳ್ಳಬೇಡಿ.
ಕಳೆದ ಚಳಿಗಾಲದವನಿಗೆ ನಾವೆಲ್ಲ ಬಾಯಿಪಾಠವಾಗಿದ್ದೆವು,
ಈತನಿಗೆ ಇನ್ನೂ ನಮ್ಮ ಕಾಗುಣಿತ ಕೂಡಿಬಂದಿಲ್ಲ.

ಭಾನುವಾರ, ಹನುಕ್ಕಾದ ಮೊದಲ ದೀಪ, ಸಂಜೆ ಐದು.
ಎಣ್ಣೆಯಲ್ಲಿ ಕರಿದದ್ದು ಏನಾದರೂ ತನ್ನಿ.
ಹೋದ ವರ್ಷ ಏಳು ಮನೆಯವರೂ ಆಲೂಗಡ್ಡೆಯನ್ನೇ ತಂದರು;
ಈ ಸಲ ಒಬ್ಬರಾದರೂ ಸಿಹಿಯ ಕಡೆ ನೋಡಿ.

ಇಲ್ಲಿಯವರೆಗೆ ಸರಾಗ.

ಮಂಗಳವಾರ. ಯಿಡ್ಡಿಷ್ ತರಗತಿ, ಸಂಜೆ ಆರು, ಮೇಲಿನ ಕೋಣೆ.
ಕಲಿಸುವವರು: ಸೆಲ್ಮಾ ಮೊರಿಟ್ಸ್.

ಆಗಸ್ಟಿನಲ್ಲಿ ಮಣ್ಣು ಹಾಕಿದೆವು, ತಲಾ ಮೂರು ಸಲಿಕೆ,
ಸಲಿಕೆಯನ್ನು ಕೈಯಿಂದ ಕೈಗೆ ಕೊಡದೆ
ಪದ್ಧತಿಯಂತೆ ಮಣ್ಣಿಗೇ ಊರಿ.
ಆಮೇಲೂ ಹದಿನಾರು ವಾರ ಈ ಸಾಲು ಅಚ್ಚಾಗಿದೆ.
ಹಳೆಯ ಹಾಳೆಯನ್ನೇ ತಿದ್ದಿ ಹೊಸ ವಾರ ಮಾಡುವವಳು ನಾನು;
ದಿನಾಂಕ ತಿದ್ದುತ್ತೇನೆ, ಗಂಟೆ ತಿದ್ದುತ್ತೇನೆ,
ಈ ಹೆಸರಿನ ಹತ್ತಿರ ಬಂದರೆ ಕಣ್ಣು
ತಾನಾಗಿಯೇ ಕೆಳಗಿನ ಸಾಲಿಗೆ ಜಾರುತ್ತದೆ.
ಯಾರೂ ಕೇಳಲಿಲ್ಲ.
ಕೇಳಲಿಲ್ಲವಲ್ಲ ಎಂದು ಒಮ್ಮೊಮ್ಮೆ ಸಿಟ್ಟೂ ಬಂದಿದೆ.

ಆದರೆ ಮೇಲಿನ ಕೋಣೆಯಲ್ಲಿ ದೀಪ ಉರಿಯುತ್ತದೆ.
ಹೋದ ಮಂಗಳವಾರ ಮೆಟ್ಟಿಲು ಹತ್ತಿ ನೋಡಿದೆ.
ಮೂರೇ ಜನ. ಅಜ್ಜಿಯ ಕಾಗದಗಳನ್ನು
ಸಾಯುವುದರೊಳಗೆ ಓದಬೇಕೆನ್ನುವ ನರ್ಸ್ ಇಂಗೆಬೋರ್ಗ್,
ನಮ್ಮ ಯೆಫಿಮ್,
ಹದಿನೈದರ ಯೋನಾ, ಒಂದು ಕಿವಿಯಲ್ಲಿ ಸದಾ ಹಾಡು.
ನಡುವೆ ಪುಸ್ತಕ, ನಲವತ್ತೊಂದನೆಯ ಪುಟ,
ಸೆಲ್ಮಾ ಗುರುತಿಗಿಟ್ಟ ಬಸ್ ಟಿಕೆಟ್ ಅಲ್ಲೇ.
ಮುಂದಕ್ಕೆ ಹೋಗುವುದಿಲ್ಲ ಇವರು.
ನಲವತ್ತೊಂದನ್ನೇ ಓದುತ್ತಾರೆ ಪ್ರತಿ ವಾರ,
ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದುತ್ತಾರೆ,
ತಿದ್ದಿದ್ದೂ ತಪ್ಪೇ ಇರಬಹುದು.
ಪಾಠದಲ್ಲಿ ಒಬ್ಬ ಮೀನು ಮಾರುವವ, ಒಬ್ಬ ಗಿರಾಕಿ.
ಮೀನು ತಾಜಾ ಇದೆಯೇ ಎಂದು ಗಿರಾಕಿ ಕೇಳುತ್ತಾನೆ.
ಹದಿನಾರು ವಾರದಿಂದ ಕೇಳುತ್ತಿದ್ದಾನೆ.

ಇಷ್ಟು ಹೊತ್ತಿಗೆ ಆ ಮೀನಿನ ಗತಿ ಏನಾಗಿರಬೇಕು, ಎಂದೆ.
ಇಂಗೆಬೋರ್ಗ್ ನಕ್ಕಳು, ಸೆಲ್ಮಾಳ ಹಾಗೆಯೇ, ಮೂಗಿನಿಂದ.

ನನಗೆ ಆ ಭಾಷೆ ಬರುವುದು
ಅಮ್ಮನ ಬೈಗುಳದಷ್ಟು, ಅಡುಗೆಮನೆಯ ಪಾತ್ರೆಗಳಷ್ಟು.
ಒಂದು ಪುಟ ತಿರುವಲು ಅಷ್ಟು ಸಾಕೇ?

ಇಂದು ಹೆಸರನ್ನು ಅಳಿಸಿದೆ.
ಹನ್ನೆರಡು ಸಲ ಗುಂಡಿ ಒತ್ತಿದರೆ ಮುಗಿಯಿತು, ಇಷ್ಟೇ.
ಎರಡು ಚುಕ್ಕೆ ಉಳಿದವು, ಅವುಗಳ ಮುಂದೆ ಬಿಳಿ.
ನನ್ನ ಹೆಸರು ಹೊಡೆದೆ, ತೆಗೆದೆ, ಮತ್ತೆ ಹೊಡೆದೆ,
ಕೊನೆಗೆ ಖಾಲಿಯೇ ಅಚ್ಚು ಹಾಕಿ ಹಲಗೆಗೆ ಚುಚ್ಚಿದೆ.

ಬೀಗ ಹಾಕಲು ಬಂದಾಗ
ಆ ಬಿಳಿಯಲ್ಲಿ ಪೆನ್ಸಿಲಿನ ಕೋಳಿಕಾಲು, ಯೋನಾ ಬರೆದದ್ದಿರಬೇಕು:
ಚಹಾ ಇರುತ್ತದೆಯೇ?

ಕೆಳಗೆ ಬರೆದೆ: ಇರುತ್ತದೆ.
ನಲವತ್ತೆರಡನೆಯ ಪುಟ. ಕನ್ನಡಕ ಮರೆಯದೆ ತನ್ನಿ.