ಮೀನು ಅಡಗಿದ ಕಾರ್ಡು

ಮುತ್ರಾದ ಮೀನುಪೇಟೆಯ ಎದುರು
ನನ್ನ ಕನ್ನಡಕದಂಗಡಿ, ಅಗಲ ಎರಡು ಮಾರು.
ಗಿರಾಕಿಗೆ ಮೊದಲು ತೋರಿಸುವುದು ಒಂದು ಕಾರ್ಡು.
ಬರಿಗಣ್ಣಿಗೆ ಬೂದು, ಬರೀ ಬೂದು.
ಪೋಲರಾಯ್ಡ್ ಏರಿಸಿದರೆ
ಬೂದಿಯೊಳಗಿಂದ ಎದ್ದಂತೆ ಒಂದು ಮೀನು.
ದೋಣಿಯವರು ನಗುತ್ತಾರೆ. ಅಲ್ಲಿಂದ ಚೌಕಾಸಿ.

ನೀರಿನ ಮೇಲಣ ಝಳಪು ಅದರಲ್ಲಿ ಸಾಯುತ್ತದೆ,
ತಲೆ ಓರೆ ಮಾಡಿದರೆ ಹುಟ್ಟಿಕೊಳ್ಳುತ್ತದೆ.
ಬೆಳಕಿಗೂ ಮಗ್ಗುಲುಂಟು ಎಂಬುದನ್ನು
ಇಪ್ಪತ್ತೆರಡು ವರ್ಷ ಮಾರಿದ್ದೇನೆ
ತಿಳಿಯದೆ.

ತಿಳಿಸಿದವಳು ಥುರಯ್ಯಾ.
ಸೂರ್ ಊರಿನವಳು, ಹಡಗು ಕಟ್ಟುವವರ ಮನೆತನ,
ಇಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ.
ಜೂನ್ ತಿಂಗಳ ನಡುಹಗಲು ಬಂದು
ಚೌಕಟ್ಟಿಲ್ಲದ ಎರಡು ಗಾಜು ಕೇಳಿದಳು.
ಯಾರ ಕಣ್ಣಿಗೆ ಅಂದೆ.
ಸೂರ್ಯನ ಪಾಠಕ್ಕೆ, ಅಂದಳು ಹರಕು ಹಿಂದಿಯಲ್ಲಿ.
ಹೊರಗೆ ನಲವತ್ತಾರು ಡಿಗ್ರಿ,
ಅವನ ಬಗ್ಗೆ ಇನ್ನೂ ಏನು ಕಲಿಯುವುದಿದೆ ಮಾರಾಯ್ತಿ!

ಕೂತಳು. ಎಸಿಯ ಕೆಳಗೆ, ನಿಂಬೆ ಚಾ.
ಕಲೆಗಳಲ್ಲಿ ಕಾಂತ ಜೋರು, ಬಣ್ಣದ ಗೆರೆಯನ್ನೇ ಸೀಳುತ್ತದೆ,
ಅದು ಕುರುಡನಿಗೂ ಕಂಡೀತು.
ಕಷ್ಟವೆಲ್ಲ ಕಲೆಯಿಲ್ಲದ ಕಡೆ.
ಅಲ್ಲಿ ಚೂರುಪಾರು ಕಾಂತ, ಸಿಕ್ಕುಸಿಕ್ಕು,
ಒಂದು ಎಳೆ ಈ ಕಡೆಗೆ, ಪಕ್ಕದ್ದು ಅದರ ಎದುರಿಗೆ.
ಒಂದನ್ನೊಂದು ವಜಾ ಮಾಡಿಕೊಂಡು
ದುರ್ಬೀನಿಗೆ ಸಿಗುವುದು ಸೊನ್ನೆ.

ಸೊನ್ನೆ ನನಗೆ ಗೊತ್ತಿಲ್ಲವೇ.
ಏಳನೇ ತಾರೀಕು ಜಮಾ, ಎಂಟಕ್ಕೆ ಭಟ್ಕಳಕ್ಕೆ ಹುಂಡಿ,
ಒಂಬತ್ತಕ್ಕೆ ಬಾಡಿಗೆ.
ಪಾಸ್‌ಬುಕ್ಕನ್ನೇ ನಂಬಿದರೆ
ಈ ಮುತ್ರಾದಲ್ಲಿ ನಾನು ಬದುಕಿಯೇ ಇಲ್ಲ.

ಅದಕ್ಕೇ ಅಂಚು ನೋಡುತ್ತೇವೆ, ಅಂದಳು.
ಸೂರ್ಯನ ಅಂಚಿನಲ್ಲಿ ಚದುರಿ ಬರುವ ಬೆಳಕು
ಅಂಚಿನ ಗುಂಟವೇ ತುಸು ವಾಲಿರುತ್ತದೆ.
ಸಾವಿರಕ್ಕೆ ಹತ್ತು ಪಾಲು ವಾಲಬೇಕು, ಇದು ಲೆಕ್ಕ.
ವಾಲಿದ್ದು ಆರೇ ಆದರೆ
ಉಳಿದ ನಾಲ್ಕನ್ನು ಕದಡಿದವರು ಯಾರು?
ಯಾವ ದಿಕ್ಕಿನ ಕಾಂತವಾದರೂ ಸೈ,
ಇಲ್ಲಿ ಕೂಡಿ ಕಳೆದು ತಪ್ಪಿಸಿಕೊಳ್ಳುವಂತಿಲ್ಲ.
ಕಮ್ಮಿಯಾದದ್ದೇ ಸಾಕ್ಷಿ.

ಗಾಜಿನ ಮೇಲೆ ಗಾಜಿಟ್ಟು ತಿರುಗಿಸಿದಳು,
ಬೀದಿ ಕಪ್ಪಾಯಿತು. ಮತ್ತೆ ತಿರುಗಿಸಿದಳು,
ಟ್ಯಾಕ್ಸಿ, ಪಾರಿವಾಳ, ಈರುಳ್ಳಿ ಮೂಟೆ.
ಮೂರು ರಿಯಾಲಿಗೆ ಒಂದು ಕೊಟ್ಟು ಹೋದಳು.

ರಾತ್ರಿ ಮೈಮೂನಾ ಫೋನಿನಲ್ಲಿ
ಏನಿಲ್ಲ, ಎಲ್ಲ ಆರಾಮ, ಅಂದಳು.
ಎಂದಿನಂತೆ ಸರಿ ಅನ್ನಬೇಕಿತ್ತು ನಾನು.
ಬದಲಿಗೆ ಲೆಕ್ಕ ಹಾಕುತ್ತ ಕೂತೆ:
ಏನೂ ಇಲ್ಲದಿದ್ದರೆ
ಎಷ್ಟು ನಗಬೇಕಿತ್ತು ಇವಳು,
ನಕ್ಕದ್ದೆಷ್ಟು.

ಹಲೋ, ಕೇಳಿಸ್ತಿದೆಯಾ, ಅಂದಳು.
ಕೇಳಿಸುತ್ತಿತ್ತು.

ಎರಡು ರಿಯಾಲ್ ಬಾಕಿ ಇದೆ ಟೀಚರದ್ದು.
ಕೇಳಿಲ್ಲ ಇನ್ನೂ.