ಹೊಟ್ಟೆಯ ಬಾಯಿ

ಕಾಫಿಗೂ ಮುಂಚೆ, ಐದೂವರೆಗೆ.
ಆಗ ಅದಿನ್ನೂ ಅರೆನಿದ್ದೆಯಲ್ಲಿರುತ್ತದೆ.
ಕಿಟಕಿಯಾಚೆ ಕೆಮಿ ಊರಿನ ಫೆಬ್ರವರಿ ಕತ್ತಲು,
ಒಳಗೆ ಬಚ್ಚಲಿನ ಟ್ಯೂಬ್‌ಲೈಟು,
ಕನ್ನಡಿಗೆ ಒರಗಿಸಿಟ್ಟ ಕತ್ತರಿ.
ಮೊದಲು ಮಕ್ಕಳ ಮಿಠಾಯಿ ಎರಡು,
ಮೆತ್ತನೆಯ ಬಿಳಿ ಮಾರ್ಷ್‌ಮ್ಯಾಲೋ.
ತಿಂದರೆ ಹರಿವು ಅಷ್ಟು ಹೊತ್ತು ತಡೆಯುತ್ತದಂತೆ;
ಹೇಳಿದ್ದು ಡಾಕ್ಟರಲ್ಲ, ಪಕ್ಕದ ಮಂಚದ ರೋಗಿ.
ಅರವತ್ತೆಂಟರ ಮುದುಕ ನಾನು
ಹಲ್ಲಿಗಂಟಿದ ಸಕ್ಕರೆಯನ್ನು ನಾಲಗೆಯಲ್ಲಿ ಬಿಡಿಸುತ್ತಾ
ಹಳೆಯ ಚೀಲ ಬಿಡಿಸುತ್ತೇನೆ.

ಚೀಲವನ್ನು ಎಳೆಯಬಾರದು.
ಚರ್ಮವನ್ನೇ ಒತ್ತಿ ಒತ್ತಿ ಅಂಟಿನಿಂದ ಹಿಂದೆ ಸರಿಸಬೇಕು.
ನರ್ಸ್ ಸಿನಿಕ್ಕ ಮೂರು ಸಲ ತೋರಿಸಿದ್ದಳು:
"ಕ್ಯಾಲೆಂಡರಿನ ಹಾಳೆಯಲ್ಲ ತೌನೊ, ನಿನ್ನದೇ ಮೈ."

ಇಗೋ, ಅದು.
ಕೆನ್ನೆಯ ಒಳಮೈಯಂತೆ ಕೆಂಪು, ಒದ್ದೆ.
ಮುಟ್ಟಿದರೆ ನೋವಿಲ್ಲ. ಮುಟ್ಟಿದ್ದೇ ತಿಳಿಯುವುದಿಲ್ಲ.
ಆದರೂ ಒಮ್ಮೆ ಮುದುಡುತ್ತದೆ, ಒಮ್ಮೆ ಅರಳುತ್ತದೆ,
ಏನೋ ಹೇಳಲು ಬಂದು ಮರೆತವನ ಹಾಗೆ.

ಅಪ್ಪ ಹೇಳುತ್ತಿದ್ದ:
ಗಂಡಸಾದವನು ಹೊಟ್ಟೆಯಲ್ಲಿಟ್ಟುಕೊಳ್ಳಬೇಕು.
ಇಟ್ಟುಕೊಂಡೆ.
ಮೂವತ್ತೊಂದು ವರ್ಷ ಕಾಗದದ ಗಿರಣಿಯ ಸದ್ದು,
ಎಲ್ವಿ ಬಿಟ್ಟುಹೋದ ದಿನ ಬಾಗಿಲು ಮಾಡಿದ ಸದ್ದು,
ಫೋರ್‌ಮನ್ನನ ಬೈಗುಳ, ತಮ್ಮನ ಸಾವು,
ಎಲ್ಲ ಹೊಟ್ಟೆಗೆ ಹಾಕಿಕೊಂಡೆ.
ಈಗ ನೋಡಿ, ಹೊಟ್ಟೆಗೇ ಬಾಯಿ ಬಂದಿದೆ.
ಚರ್ಚಿನ ಪ್ರಾರ್ಥನೆಯ ನಡುವೆ,
ಲಿಫ್ಟಿನಲ್ಲಿ ಗುರುತಿಲ್ಲದವರ ನಡುವೆ,
ಅಪ್ಪಣೆ ಕೇಳದೆ ಗೊಣಗುತ್ತದೆ.

ಉಗುರುಬೆಚ್ಚನೆಯ ನೀರು. ಸೋಪು ಬೇಡ.
ಉಜ್ಜದೆ ಒತ್ತಿ ಒರೆಸಿ, ಆರಲು ಬಿಡಬೇಕು.
ಅಳತೆಯ ಕಾರ್ಡು: ಇಪ್ಪತ್ತೆಂಟು ಮಿಲಿಮೀಟರ್.
ಜೂನ್‌ನಲ್ಲಿ ಮೂವತ್ತೈದಿತ್ತು;
ಗಿರಣಿ ಮುಚ್ಚಿದ ಊರಿನ ಹಾಗೆ
ಸದ್ದಿಲ್ಲದೆ ಕುಗ್ಗಿದೆ.
ಆಳೆತ್ತರದ ಉರುಳೆಗಳನ್ನು
ಕೂದಲೆಳೆ ತಪ್ಪದಂತೆ ಸೀಳಿಸಿದವನು ನಾನು,
ಈ ಅಂಟುಬಿಲ್ಲೆಯಲ್ಲಿ ಒಂದು ತೂತು ಕತ್ತರಿಸಲು
ನಾಲಗೆ ಕಚ್ಚಿಕೊಳ್ಳುತ್ತೇನೆ.
ಮೂವತ್ತಕ್ಕೆ ಕತ್ತರಿಸು, ಎರಡು ಸಡಿಲವಿರಲಿ.
ಆಮೇಲೆ ಕಂಕುಳಲ್ಲಿ ಕಾವು ಕೊಡು, ಹೇಂಟೆಯ ಹಾಗೆ.
ಇಷ್ಟೆಲ್ಲ ಆಗಿ, ಇನ್ನೇನು ಅಂಟಿಸಬೇಕು,
ಆಗಲೇ ಅದು ಕಾರಿಕೊಳ್ಳುತ್ತದೆ ಕೆಲವು ದಿನ.
ಮತ್ತೆ ನೀರು. ಮತ್ತೆ ಬಟ್ಟೆ.
ಒಂದು ಬೈಗುಳ, ಅದೂ ಮೆಲ್ಲಗೆ.

ಎಂಟು ತಿಂಗಳು ಶನಿವಾರದ ಸೌನಾಕ್ಕೆ ಹೋಗಲಿಲ್ಲ.
ಬೆನ್ನುನೋವೆಂದೆ, ನೆಗಡಿಯೆಂದೆ.
ನಿನ್ನೆ ಉರ್ಹೊ ಬಾಗಿಲಲ್ಲಿ ಬಂದು ನಿಂತ,
ಹೆಗಲ ಮೇಲೆ ಎರಡು ಟವೆಲು.
ಬಿಸಿಗತ್ತಲಲ್ಲಿ, ಮೇಲಿನ ಹಲಗೆಯಲ್ಲಿ ನಾಲ್ವರು,
ಗಿರಣಿಯ ಹಳೆಯ ರಾತ್ರಿಪಾಳಿ, ಹುಟ್ಟಿದ ಹಾಗೆ.
ಮೈಮೇಲೆ ಏನಾದರೂ ಇದ್ದದ್ದು ನನಗೊಬ್ಬನಿಗೇ.
ಯಾರೂ ನೋಡದೆ ಎಲ್ಲರೂ ನೋಡಿದರು.
ಉರ್ಹೊ ಸೌಟು ಎತ್ತಿ ಹಿಡಿದು ಕೇಳಿದ:
"ಅದು ಬಿಸಿ ತಡೆಯುತ್ತಾ?"
"ತಡೆಯುತ್ತೆ."
ನೀರು ಬಿತ್ತು. ಕಲ್ಲು ಚುಂಯ್ ಎಂದಿತು.
ಆಮೇಲೆ ಬಂದ ದೊಡ್ಡ ಮೌನದಲ್ಲಿ
ನನ್ನ ಹೊಟ್ಟೆ ಪುರ್ರೆಂದಿತು.
"ಇಷ್ಟು ಜನರಲ್ಲಿ ಮಾತು ಬರುವುದು ಅದಕ್ಕೊಂದೇ,"
ಎಂದ ಮೂಲೆಯಿಂದ ಕುಂಟ ಯಾಲ್ಮಾರಿ.

ಆ ಕಾವಿಗೆ ಅಂಚು ಎದ್ದಿದೆ. ಅದಕ್ಕೇ ಇವತ್ತು,
ಸರದಿಗಿಂತ ಒಂದು ದಿನ ಮೊದಲು.
ಹೊಸ ಚೀಲ ಕೂತಿತು.
ಇನ್ನು ಅಂಗೈ ಒತ್ತಿ ಹಿಡಿಯಬೇಕು, ಎರಡು ನಿಮಿಷ,
ಅಂಟು ಮೈಯನ್ನು ನಂಬುವವರೆಗೆ.
ಎಣಿಸುತ್ತಾ ನಿಲ್ಲುತ್ತೇನೆ.
ಇಷ್ಟು ಹೊತ್ತು ಯಾರೂ ನನ್ನ ಹೊಟ್ಟೆಯ ಮೇಲೆ
ಕೈಯಿಟ್ಟಿರಲಿಲ್ಲ. ನಾನೂ.