ಖಾಲಿ ಬಿಟ್ಟ ಸೊನ್ನೆ

ಮಿನ್ನೆಸೋಟ. ನವೆಂಬರ್ ಆರು.
ಟೌನ್ ಹಾಲಿನ ಹೀಟರು ಕೆಮ್ಮುತ್ತಿದೆ,
ಬೂಟುಗಳ ಹಿಮ ಕರಗಿ ನೆಲವೆಲ್ಲ ರಾಡಿ.
ನನ್ನ ಮುಂದೆ ನಲವತ್ತಾರು ವರ್ಷದ ಸಂಸಾರ, ಕರ್ಮಿಟ್,
ಮತಪತ್ರವನ್ನು ಹಸು ಕೊಳ್ಳುವವನ ಹಾಗೆ
ತಿರುವಿ ತಿರುವಿ ನೋಡುತ್ತಿದ್ದಾನೆ.

ಪ್ರಶ್ನೆ ಚಿಕ್ಕದು:
ಮದುವೆಯೆಂದರೆ ಒಂದು ಗಂಡು, ಒಂದು ಹೆಣ್ಣು ಮಾತ್ರ
ಎಂದು ಸಂವಿಧಾನದಲ್ಲಿ ಬರೆಯಬೇಕೆ?
ಬೇಕು ಅನ್ನಲು ಒಂದು ಸೊನ್ನೆ. ಬೇಡ ಅನ್ನಲು ಒಂದು ಸೊನ್ನೆ.
ಹೆಸರುಕಾಳಿನಷ್ಟು ಜಾಗ.
ಇದರೊಳಗೆ ಓರಿನ್‌ನನ್ನು ಹೇಗೆ ಕೂರಿಸಲಿ?

ಓರಿನ್ ಮತ್ತು ಡೆಲ್ಮರ್. ಸರೋವರದಾಚೆಯ ಹಳದಿ ಮನೆ.
ಮೂವತ್ತೊಂದು ವರ್ಷ ಊರು ಅವರನ್ನು
ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು ಅಂದಿತು.
ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು.
ಗೊತ್ತಿದ್ದದ್ದನ್ನು ಕೋಟಿನ ಜೊತೆ ಬಾಗಿಲ ಮೊಳೆಗೆ ನೇತುಹಾಕಿ
ಒಳಗೆ ಹೋಗಿ ಕಾಫಿ ಕುಡಿಯುತ್ತಿದ್ದೆವು.

ಡೆಲ್ಮರ್ ಚರ್ಚಿನ ಆರ್ಗನ್ ರಿಪೇರಿ ಮಾಡುವವನು,
ದುಡ್ಡು ಬೇಡ, ನಿನ್ನ ಆಲೂಗಡ್ಡೆ ರೊಟ್ಟಿ ಸಾಕು ಅನ್ನುವವನು.
ಓರಿನ್‌ಗೆ ಮಾತು ಕಮ್ಮಿ.
ಹೆಪ್ಪುಗಟ್ಟಿದ ನೀರಿನ ಮೇಲೆ ಅವರ ಮೀನಿನ ಗುಡಿಸಲು:
ಎರಡು ತೂತು, ಎರಡು ಬಕೆಟ್ಟು, ಒಂದೇ ಫ್ಲಾಸ್ಕು.
ಒಮ್ಮೆ ಬಾಗಿಲು ತಟ್ಟದೆ ಒಳಗೆ ಹೋಗಿಬಿಟ್ಟೆ.
ಕನ್ನಡಕ ಮೂಗಿನ ತುದಿಗಿಳಿಸಿಕೊಂಡು ಓರಿನ್
ಡೆಲ್ಮರನ ಕಾಲುಗುರು ಕತ್ತರಿಸುತ್ತಿದ್ದ.
ಅವರಿಬ್ಬರೂ ಬೆಚ್ಚಲಿಲ್ಲ. ಬೆಚ್ಚಿದ್ದು ನಾನು.
ಕರ್ಮಿಟ್‌ನ ಉಗುರು ಯಾವತ್ತಾದರೂ ಕತ್ತರಿಸಿದ್ದೆನೆ
ಎಂದು ದಾರಿಯುದ್ದಕ್ಕೂ ನೆನಪು ಮಾಡಿಕೊಳ್ಳುತ್ತ ಬಂದೆ.

ಹೋದ ಮಾರ್ಚಿನಲ್ಲಿ ಡೆಲ್ಮರನ ತಲೆಯೊಳಗೆ ನರ ಒಡೆಯಿತು.
ಡುಲೂತ್‌ನ ಆಸ್ಪತ್ರೆ. ಕೌಂಟರಿನ ಹುಡುಗಿ ಕೇಳಿದಳು,
"ನೀವು ಅವರಿಗೆ ಏನಾಗಬೇಕು?"
ಮೂವತ್ತೊಂದು ವರ್ಷ ಗಂಟಲಿಗೆ ಅಡ್ಡ ಸಿಕ್ಕಿಕೊಂಡು
ಓರಿನ್ ಅಂದ, "ಒಂದೇ ಮನೆಯಲ್ಲಿದ್ದೇವೆ."
ಸಹಿ ಹಾಕಲು ಫಾರ್ಗೋದಿಂದ ತಂಗಿ ಬಂದಳು,
ಹದಿನಾಲ್ಕು ವರ್ಷ ಒಂದು ಕ್ರಿಸ್‌ಮಸ್ ಕಾರ್ಡೂ ಕಳಿಸದವಳು.
ಮಣ್ಣು ಕೊಟ್ಟ ದಿನ ಅವಳದು ಮೊದಲ ಸಾಲು.
ಅವನದು ನಾಲ್ಕನೆಯದು, ನನ್ನ ಪಕ್ಕ.
ಕೊನೆಗೆ ಎಲ್ಲರ ಹಿಂದೆ ಕ್ಯೂ ನಿಂತು
ಅವಳ ಕೈಹಿಡಿದು ಸಂತಾಪ ಹೇಳಿದ.

ಕಾನೂನಿನ ಬಾಗಿಲು ಅವರಿಗೆ ಮೊದಲೇ ಮುಚ್ಚಿತ್ತಂತೆ.
ಈಗ ಕೇಳುತ್ತಿರುವುದು
ಆ ಬಾಗಿಲಿಗೆ ಅಡ್ಡ ಗೋಡೆ ಕಟ್ಟೋಣವೆ ಎಂದು.
ಗಾರೆ ಕಲಸಲು ನನ್ನನ್ನೂ ಕರೆದಿದ್ದಾರೆ.

ಮದುವೆಯನ್ನು ಕಾಪಾಡಿ, ಅಂದರು ಪಾದ್ರಿ.
ಯಾರ ಮದುವೆ? ನನ್ನದೆ?
ನನ್ನ ಮದುವೆ ಮುರಿಯುವಂತಾದದ್ದು ಎರಡು ಸಲ:
ಮಗು ಉಳಿಯದೆ ಹೋದಾಗ,
ಆಮೇಲೆ ಕರ್ಮಿಟ್ ಬಾಟಲಿ ಹಿಡಿದಾಗ.
ಆಗ ಬಾರಿನಿಂದ ಅವನನ್ನು ಹೊತ್ತು ತರುತ್ತಿದ್ದವರು
ಹಳದಿ ಮನೆಯವರು,
ಒಬ್ಬ ತಲೆ, ಒಬ್ಬ ಕಾಲು.

ನಾನು ಬೇಡದ ಸೊನ್ನೆ ತುಂಬಿದೆ.
ಬಿಳುಪು ಉಳಿಯದ ಹಾಗೆ, ಒತ್ತಿ ಒತ್ತಿ.
ಮಸಿ ಬೆರಳಿಗೂ ಹತ್ತಿತು.

ಕಾರಿನಲ್ಲಿ ಕರ್ಮಿಟ್ ಅಂದ, "ನಾನು ಖಾಲಿ ಬಿಟ್ಟೆ.
ಪಾದ್ರಿಗೆ ಎದುರಾಡಲಾರೆ.
ನಾಳೆ ಓರಿನ್‌ನ ಮುಖವನ್ನೂ ನೋಡಬೇಕಲ್ಲ."
ಮೌನ ಸಮ್ಮತಿಯ ಲಕ್ಷಣ ಅನ್ನುತ್ತಾರೆ.
ಈ ರಾಜ್ಯದ ಲೆಕ್ಕ ಬೇರೆ:
ತಿದ್ದುಪಡಿಯ ಪ್ರಶ್ನೆಗೆ ಏನೂ ಬರೆಯದಿದ್ದರೆ
ಅದು ಬೇಡವೆಂದೇ ಎಣಿಕೆ.
ನನಗೆ ಗೊತ್ತಿತ್ತು. ಹೇಳಲಿಲ್ಲ.
ಹೇಳಿದ್ದರೆ ಗಾಡಿ ತಿರುಗಿಸುತ್ತಿದ್ದನೋ ಏನೋ.
ಕೊರೆದುಹೋದ ಜೋಳದ ಹೊಲಗಳನ್ನು ನೋಡುತ್ತ ಕೂತೆ,
ಕಳ್ಳಿಯ ಹಾಗೆ.

ರಾತ್ರಿ ಒಲೆ ಹೊತ್ತಿಸಲು ಹಳೆಯ ಪೇಪರು ಹರಿಯುತ್ತಿದ್ದೆ.
ಭಾನುವಾರದ ಪುಟ: "ಖಾಲಿ ಬಿಟ್ಟರೆ ಏನಾಗುತ್ತದೆ?"
ಸುದ್ದಿಯ ಕೆಳಗೆ ಪೆನ್ಸಿಲಿನ ಗೆರೆ,
ಅಂಕುಡೊಂಕು, ನಡುಗುವ ಕೈಯದು.
ನಮ್ಮ ಮನೆಯಲ್ಲಿ ಅಂಥ ಕೈ ಒಂದೇ.

ಆ ಪುಟವನ್ನು ಬದಿಗಿಟ್ಟು ಬೇರೆ ಪುಟ ಸುಟ್ಟೆ.
ರೇಡಿಯೋ ಇನ್ನೂ ಎಣಿಸುತ್ತಿತ್ತು.
ಸರೋವರದಾಚೆ ಒಂದು ಕಿಟಕಿಗೆ ಬೆಳಕಿತ್ತು.
ಐದು ಕಿಲೋ ಆಲೂಗಡ್ಡೆ ತಂದು ಮೇಜಿನ ಮೇಲೆ ಸುರಿದೆ.
ಯಾರಿಗೆ, ಇಷ್ಟು ಹೊತ್ತಿನಲ್ಲಿ, ಎಂದು ಕೇಳದೆ
ಕರ್ಮಿಟ್ ಚಾಕು ಹುಡುಕಿಕೊಂಡು
ಸಿಪ್ಪೆ ತೆಗೆಯಲು ಕೂತ.